ಹೊಸ್ತಿಲಿಗೆ ಚೆಲ್ಲುವ ನೀರು

ರೂಸೆ, ಬಲ್ಗೇರಿಯ
9 ಮಾರ್ಚ್ 2014, ಭಾನುವಾರ

ಪ್ರೀತಿಯ ತಮ್ಮ ಲ್ಯೂಬೆನ್,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಹೆಂಡತಿ ಸೆಲೆಸ್ತೆಯ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗಬೇಡ, ಡಾಕ್ಟರಿಗೆ ತೋರಿಸು. ಮಕ್ಕಳು ಚೆನ್ನಾಗಿದ್ದಾರೆ ತಾನೆ? ನನ್ನ ಮಂಡಿ ಎಂದಿನಂತೆ ಗೊಣಗುತ್ತದೆ, ಅದೊಂದನ್ನು ಬಿಟ್ಟರೆ ನಾನು ಗಟ್ಟಿಮುಟ್ಟಾಗಿದ್ದೇನೆ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಹೊಸ ವರ್ಷದ ದಿನ ಫೋನಿನಲ್ಲಿ, ಜುಲೈನಲ್ಲಿ ನಿಮ್ಮ ಮೊಜಾಂಬಿಕ್‌ಗೆ ನಾನೇ ಬಂದುಬಿಡುತ್ತೇನೆ ಎಂದೆ. ನೀನು, "ಆಗ ಇಲ್ಲಿ ಸೆಕೆ ಜಾಸ್ತಿ ಅಕ್ಕಾ, ನಿನ್ನ ಕೈಲಿ ಆಗಲ್ಲ" ಅಂದೆಯಲ್ಲ, ಅಂದಿನಿಂದ ಆ ಮಾತು ತಲೆ ಕೊರೆಯುತ್ತಲೇ ಇದೆ. ಆಗುತ್ತದೋ ಇಲ್ಲವೋ ನೋಡಿಯೇಬಿಡೋಣ ಎಂದು ಹಟಕ್ಕೆ ಬಿದ್ದು ತಯಾರಿ ಶುರು ಮಾಡಿದ್ದೇನೆ.

ಮೊದಲು ಪುಸ್ತಕದಂಗಡಿಗೆ ಹೋದೆ. ಅಲ್ಲಿ ಗ್ರೀಸ್, ಇಟಲಿಗಳದ್ದೇ ರಾಶಿ. ಅಂಗಡಿಯ ಹುಡುಗಿ, "ಗ್ರೀಸ್‌ಗೆ ಹೋಗಿಬನ್ನಿ ಅಜ್ಜಿ, ಬಸ್ಸಲ್ಲೇ ಹೋಗ್ಬಹುದು" ಎಂದು ಪುಸಲಾಯಿಸಿದಳು. ಗ್ರೀಸಿನಲ್ಲಿ ನನ್ನ ತಮ್ಮ ಇಲ್ಲವಲ್ಲಮ್ಮಾ ಎಂದೆ. ಪಾಪ, ಎಲ್ಲಿಂದಲೋ ಮೂರು ಪುಸ್ತಕ ತರಿಸಿಕೊಟ್ಟಳು. ಮೂರೂ ಜರ್ಮನ್ ಭಾಷೆಯವು. ಜೀವನವೆಲ್ಲ ಶಾಲೆಯಲ್ಲಿ ಜರ್ಮನ್ ಕಲಿಸಿದ್ದು ಕಡೆಗೂ ಕೆಲಸಕ್ಕೆ ಬಂತು ನೋಡು! ಒಂದರ ತುಂಬ ಬರೀ ಕಾಯಿಲೆಗಳು. ಓದುತ್ತಾ ಓದುತ್ತಾ, ಕಿಟಕಿಯ ಹೊರಗೆ ಇನ್ನೂ ಹಿಮ ಕರಗದಿದ್ದರೂ ನನಗೆ ಸೊಳ್ಳೆ ಕಚ್ಚಿದಂತಾಗಿ ಮೈ ಕೆರೆದುಕೊಂಡೆ. ಎರಡನೆಯದು ಸಮುದ್ರಕ್ಕೆ ಧುಮುಕುವ ಹುಡುಗರಿಗೆ ಬರೆದದ್ದು. ಮಂಡಿನೋವಿನ ಹೆಂಗಸೊಬ್ಬಳು ತಮ್ಮನನ್ನು ನೋಡಲು ಹೋಗುವ ವಿಚಾರ ಅದರಲ್ಲಿ ಒಂದು ಸಾಲೂ ಇಲ್ಲ. ಮೂರನೆಯದು ಬರೀ ಫೋಟೊಗಳ ದಪ್ಪ ಪುಸ್ತಕ. "ಅದ್ರಲ್ಲಿ ಮ್ಯಾಪೇ ಇಲ್ಲ ಅಜ್ಜಿ, ತಗೊಂಡು ಏನ್ ಮಾಡ್ತೀರಾ?" ಎಂದು ಹುಡುಗಿ ನಕ್ಕಳು. ನಾನು ಅದನ್ನೇ ಮೊದಲು ಚೀಲಕ್ಕೆ ಹಾಕಿಕೊಂಡೆ. ಯಾಕೆ ಗೊತ್ತೇ? ಅದರಲ್ಲಿ ನಿಮ್ಮ ಬೈರಾ ಊರಿನ ಮೀನುಪೇಟೆಯ ಫೋಟೊ ಇದೆ. ಒಂದು ಮೂಲೆಯಲ್ಲಿ ಟೋಪಿ ಹಾಕಿದ ಗಂಡಸೊಬ್ಬ ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಕೈಗಳನ್ನು ಹಿಂದೆ ಕಟ್ಟಿಕೊಂಡು ಒಂದು ಕೈಯಿಂದ ಇನ್ನೊಂದರ ಮಣಿಕಟ್ಟನ್ನು ಹಿಡಿದಿದ್ದಾನೆ, ಥೇಟ್ ನಮ್ಮಪ್ಪನ ಹಾಗೆ. ಭೂತಗನ್ನಡಿ ಹಿಡಿದು ಎಷ್ಟು ನೋಡಿದರೂ ಅವನು ಈ ಕಡೆ ತಿರುಗುವುದಿಲ್ಲ. ನೀನಲ್ಲದಿದ್ದರೆ ನನಗೆ ಹೇಳಬೇಡ.

ಪಕ್ಕದ ಮನೆಯ ಪೆನಾ ದಿನಾ ಬಂದು ನನ್ನ ಪೆಟ್ಟಿಗೆ ನೋಡಿ ಗೇಲಿ ಮಾಡುತ್ತಾಳೆ. ಮೆಣಸಿನಕಾಯಿ ಗೊಜ್ಜಿನ ಶೀಷೆಗಳನ್ನು ಟವೆಲ್ಲಿನಲ್ಲಿ ಸುತ್ತಿಡುವಾಗ ತಾನೂ ಒಂದು ಕೈ ಹಾಕಿದಳು. ಉಣ್ಣೆಯ ಕಾಲುಚೀಲ ಇಟ್ಟೆ ನೋಡು, "ಏನೇ ರಾಯ್ನಾ, ತಲೆ ಕೆಟ್ಟಿದ್ಯಾ? ಅಲ್ಲಿ ಜನ ಬೆವರು ಒರೆಸ್ಕೊಂಡು ಸಾಯ್ತಿರ್ತಾರೆ, ನೀನು ಉಣ್ಣೆ ತಗೊಂಡು ಹೋಗ್ತೀಯಾ!" ಎಂದು ಶುರುಮಾಡಿದಳು. ಅವಳಿಗೇನು ಗೊತ್ತು. ನೀನು ಹೊರಟ ದಿನ ಅಮ್ಮ ನಿನ್ನ ದಾರಿ ಸುಗಮವಾಗಲಿ ಎಂದು ಹೊಸ್ತಿಲಿಗೆ ನೀರು ಚೆಲ್ಲಿದಳಲ್ಲ, ಅಳುತ್ತಾ ತಾಮ್ರದ ತಂಬಿಗೆಯ ನೀರನ್ನೆಲ್ಲ ನಿನ್ನ ಬೂಟಿನ ಮೇಲೇ ಸುರಿದುಬಿಟ್ಟಳು. "ಒಳ್ಳೇದೇ ಆಯ್ತು ಬಿಡು, ಕಾಲು ಒದ್ದೆಯಾಗಿದೆ, ಬೇಗ ವಾಪಸ್ ಬರ್ತಾನೆ" ಎಂದು ತಾನೇ ಸಮಾಧಾನ ಮಾಡಿಕೊಂಡಳು. ನೀನು ಒದ್ದೆ ಕಾಲುಚೀಲದಲ್ಲೇ ಪಚಪಚ ಎಂದು ರೈಲು ಹತ್ತಿದೆ. ಎರಡು ವರ್ಷದ ಕೆಲಸ ಎಂದು ಹೋದವನು ಮೂವತ್ತು ವರ್ಷ ಕಳೆದೆ. ನಾನು ದೂರುತ್ತಿಲ್ಲ. ಆದರೆ ಕೊಕ್ಕರೆಗಳಾದರೂ ನಿಮ್ಮ ಕಡೆಯಿಂದ ಪ್ರತಿ ವಸಂತಕ್ಕೆ ಇಲ್ಲಿಗೆ ಬರುತ್ತವೆ ಕಣೋ.

ಸಂಜೆ ಹೊತ್ತು ಈ ಪುಸ್ತಕಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ, ಮನೆಯಲ್ಲಿ ಒಂದು ದನಿ ಕೇಳಲಿ ಎಂದು. ಊಟಕ್ಕೆ ಕೂತಾಗಲೂ ಒಂದು ಪುಸ್ತಕ ಎದುರಿಗೆ ತೆರೆದಿರುತ್ತದೆ. ಈ ಮಾತನ್ನು ಪೆನಾಗೂ ಹೇಳಿಲ್ಲ. ಒಂಟಿತನ ಅಭ್ಯಾಸವಾಗುತ್ತದೆ ಅನ್ನುತ್ತಾರೆ, ನನಗಂತೂ ಆಗಲಿಲ್ಲ.

ಸೆಲೆಸ್ತೆಗೆ ನನ್ನ ಪ್ರೀತಿ ತಿಳಿಸು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ನನ್ನ ಹೆಸರು ಹೇಳಿ ಮುತ್ತು ಕೊಡು. ದೇವರು ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ರಾಯ್ನಾ

ಮ.ವಿ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಟಿಕೆಟ್ ಇನ್ನೂ ಕೊಂಡಿಲ್ಲ. ಮೊದಲಿನ ಎರಡೂ ಪುಸ್ತಕಗಳಲ್ಲಿ ಒಂದೇ ಮಾತಿದೆ: ಜುಲೈ ನಿಮ್ಮಲ್ಲಿ ತಂಪು ಕಾಲ, ಪ್ರಯಾಣಕ್ಕೆ ಅದೇ ಒಳ್ಳೆಯ ಸಮಯವಂತೆ. ಮೂವತ್ತು ವರ್ಷದಿಂದ ಅಲ್ಲಿರುವ ನಿನಗೆ ಇದು ಗೊತ್ತಿಲ್ಲವೇ ತಮ್ಮಾ? ಬರಬೇಡ ಅನ್ನುವುದಾದರೆ ನೇರವಾಗಿ ಹೇಳು, ಸೆಕೆಯ ಮೇಲೆ ಹಾಕಬೇಡ. ಬಾ ಅನ್ನುವುದಾದರೆ ಪತ್ರ ಮುಟ್ಟಿದ ದಿನವೇ ಫೋನ್ ಮಾಡು, ಜುಲೈವರೆಗೂ ಕಾಯದೆ ಹೊರಟುಬಿಡುತ್ತೇನೆ, ಸೆಕೆ ಇದ್ದರೆ ಇರಲಿ. ಈಸ್ಟರ್ ಮುಗಿದ ಮೇಲೆ ಪೆನಾ ಮನೆ ಖಾಲಿ ಮಾಡಿ ವಾರ್ನಾದಲ್ಲಿರುವ ಮಗಳ ಜೊತೆ ಇರಲು ಹೋಗುತ್ತಾಳೆ. ಆಮೇಲೆ ನಾನು ಹೊರಟರೆ ಹೊಸ್ತಿಲಿಗೆ ನೀರು ಚೆಲ್ಲಲು ಇಲ್ಲಿ ಯಾರೂ ಇರುವುದಿಲ್ಲ.