ಶನಿವಾರದ ಬೀಗ

ಲಿಂಕೋಪಿಂಗ್, ಸ್ವೀಡನ್
ಭಾನುವಾರ

ಅಮ್ಮಾ,

ಮೊನ್ನೆ ಸುಖವಾಗಿ ತಲುಪಿದೆ. ರೂಮು ಬೆಚ್ಚಗಿದೆ. ಅಲ್ಲಿ ನಮ್ಮ ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಓರಗೆಯವರೆಲ್ಲ ಜರ್ಮನಿ ಬಿಡುವ ಮಾತಾಡುತ್ತಾರೆ. ನಾನು ಎರಡು ವಾರ ಇದ್ದು ನೋಡಿ ನಿರ್ಧರಿಸುತ್ತೇನೆ ಎಂದಷ್ಟೇ ಹೊರಟವಳು. ನೀನು ಅದಕ್ಕೂ ಅತ್ತೆ.

ಇಲ್ಲಿ ಬಟ್ಟೆ ಒಗೆಯುವ ಕೋಣೆ ಇಡೀ ಕಟ್ಟಡಕ್ಕೆ ಒಂದೇ. ಗೋಡೆಯ ಹಲಗೆಯಲ್ಲಿ ಬೇಕಾದ ದಿನಕ್ಕೆ ನಮ್ಮ ಮನೆ ನಂಬರಿನ ಪುಟ್ಟ ಬೀಗ ಸಿಕ್ಕಿಸಿದರೆ ಆ ದಿನ ನಮ್ಮದು. ನಿನ್ನೆ ಹೋದರೆ ನನ್ನ ಬೀಗ ಆಗಲೇ ಶನಿವಾರದಲ್ಲಿತ್ತು. ಪಕ್ಕದ ಮನೆಯ ಅಜ್ಜಿ ನಕ್ಕು, "ಚಳಿಗಾಲವೆಲ್ಲ ಶನಿವಾರ ನಿನ್ನದೇ ಇತ್ತಲ್ಲ" ಎಂದರು.

ಒಳಗೆ ಹಗ್ಗದ ಮೇಲೆ ನೀನು ಹೆಣೆದ ನೀಲಿ ಸ್ವೆಟರ್ ಒದ್ದೆಯಾಗಿ ತೂಗುತ್ತಿತ್ತು. ಎಡತೋಳು ಉದ್ದವಾದ ಅದೇ ಸ್ವೆಟರ್. ಅದನ್ನು ನಾನು ಮನೆಯ ಬೀರುವಿನಲ್ಲೇ ಬಿಟ್ಟು ಬಂದಿದ್ದೆ.

ಕೂಡಲೇ ಮನೆಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ಎತ್ತಿ, "ಅಮ್ಮ ಅಡುಗೆಮನೇಲಿದಾರೆ" ಅಂದಳು.

"ನೀನ್ಯಾರು?"

"ಇಂಚರಾ. ನೀವು?"

ನನ್ನದೇ ಹೆಸರು, ನನ್ನದೇ ದನಿ. ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಇದು ಕೈಸೇರಿದಾಗ ನನ್ನ ಕೋಣೆಯ ಬಾಗಿಲು ತೆರೆಯಬೇಡ. ಹೊರಗೇ ನಿಂತು ಮೂರು ಸಲ ಕೂಗು. ದೆವ್ವ ಒಮ್ಮೆಯಷ್ಟೇ ಕೂಗುತ್ತದೆ, ಮೊದಲ ಕೂಗಿಗೆ ಓಗೊಡಬಾರದು ಎಂದು ನೀನೇ ಕಲಿಸಿದ್ದೆಯಲ್ಲ. ಯಾರೂ ಓಗೊಡದಿದ್ದರೆ ಫೋನ್ ಮಾಡು, ಬಂದುಬಿಡುತ್ತೇನೆ. "ಬಂದೆ ಅಮ್ಮಾ" ಎಂದು ಕೇಳಿಸಿದರೆ ಅವಳಿಗೆ ಊಟ ಬಡಿಸು. ಬೈಯಬೇಡ. ಅವಳಿಗೆ ನಿನ್ನನ್ನು ಬಿಟ್ಟುಹೋಗಲು ಮನಸ್ಸಿರಲಿಲ್ಲ. ನನ್ನ ಮನಸ್ಸೋ ಚಳಿಗಾಲದಿಂದಲೇ ಇಲ್ಲಿತ್ತು.

ಸ್ವೆಟರ್ ಒಣಗಿದೆ. ಹಾಕಿಕೊಂಡಿದ್ದೇನೆ.

ಇಂತಿ,
ಇಲ್ಲಿಯ ಇಂಚರಾ