ಕುಡಿಯದೆ ಇಟ್ಟ ಕಾಫಿ

ಸಾಲ್ಟ್ ಪಟ್ಟಣ,
ಗುರುವಾರ ಸಂಜೆ

ನನ್ನ ಮುದ್ದು ರುದೈನಾಗೆ,

ಅಮ್ಮನ ಮುತ್ತುಗಳು. ನಿನ್ನ ಮೊಬೈಲು ಅಪ್ಪನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ, ಅದಕ್ಕೇ ಈ ಕಾಗದ. ನೀನಿರುವ ಆ ಕಡಲೂರು ಅಕಾಬಾಕ್ಕೆ ಹೊರಟಿರುವ ನಿನ್ನ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಊರ ಬಾಯಿಗೆ ಹೆದರಿ ಅಪ್ಪ ನಿನ್ನನ್ನು ಕಳಿಸಿದ ಚಿಕ್ಕಮ್ಮನ ಮನೆಯಲ್ಲಿ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಮಾಡು. ಹಸಿದು ಕೂತರೆ ಮಾಡಿದ್ದು ಅಳಿಸಿಹೋಗುವುದಿಲ್ಲ.

ಬೈಯಬಾರದು ಅಂದುಕೊಂಡೇ ಬರೆಯಲು ಕೂತೆ, ಆದರೂ ಬೈಯುತ್ತೇನೆ. ಲುಜೈನ್ ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಬೆಳೆದವಳು. ನಿನ್ನಕ್ಕನ ಮೆಹಂದಿಯ ದಿನ, ಹೆಂಗಸರಷ್ಟೇ ಇದ್ದ ಕೋಣೆಯಲ್ಲಿ, ತಲೆವಸ್ತ್ರ ತೆಗೆದು ಕುಣಿದಳು, ನಿನ್ನನ್ನು ನಂಬಿ. ಮೊಬೈಲಿನಲ್ಲಿ ಯಾವಳೋ ಹೆಸರುವಾಸಿ ಹುಡುಗಿ ‘ತಲೆವಸ್ತ್ರ ಇದ್ದಾಗ, ಇಲ್ಲದಾಗ’ ಅಂತ ಫೋಟೋ ಹಾಕುವ ಆಟ ಶುರುಮಾಡಿದಳಂತೆ. ಕ್ಲಾಸಿನ ಹುಡುಗಿಯರು “ನಿನ್ ಕೈಲಿ ಎಲ್ಲಾಗತ್ತೆ? ಅಜ್ಜಿ ಮಡಿಲಿಂದ ಇಳಿ ಮೊದ್ಲು” ಅಂತ ಕೆಣಕಿದರಂತೆ. ನೀನು ಲುಜೈನ್ ಕುಣಿಯುವಾಗ ತೆಗೆದ ಫೋಟೋ ಕ್ಲಾಸಿನ ಮೊಬೈಲ್ ಗುಂಪಿಗೆ ಹಾಕಿಬಿಟ್ಟೆ. ಸಂಜೆಯೊಳಗೆ ಊರಿನ ಹುಡುಗರ ಮೊಬೈಲಿನಲ್ಲೆಲ್ಲ ಅದೇ. ಅವಳಪ್ಪ ಅವಳನ್ನು ಶಾಲೆ ಬಿಡಿಸಿದ್ದಾರೆ, ಕೊನೆಯ ವರ್ಷದ ಪರೀಕ್ಷೆ ಎದುರಿಗಿರುವಾಗ.

ನಿನ್ನಪ್ಪ ಹಿರಿಯರನ್ನು ಕರೆದುಕೊಂಡು ಕ್ಷಮೆ ಕೇಳಲು ಹೋಗಬೇಕಿತ್ತು. “ಹೋದ್ರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ” ಅಂತ ಕೂತುಬಿಟ್ಟರು. ನಿನ್ನೆ ನಾನೇ ಹೋದೆ, ಒಬ್ಬಳೇ. ಅವಳಣ್ಣ ಅಯ್ಹಮ್ ಬಾಗಿಲಿಗೆ ಅಡ್ಡ ನಿಂತಿದ್ದ. ಅವನಮ್ಮ ಒಳಗಿನಿಂದ “ಬಂದೋರಿಗೆ ಬಾಗಿಲು ಮುಚ್ಚೋ ಮನೆಯಲ್ಲ ಇದು, ಸರಿಯೋ ಆಚೆ” ಅಂದಮೇಲೆ ಸರಿದ.

ಕಾಫಿ ಬಂತು. ಗಂಡಸರು ರಾಜಿ ಕೇಳಲು ಹೋದಾಗ ಮಾಡುವ ಹಾಗೆ, ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟೆ. ಕೇಳಿದ್ದು ಸಿಗುವ ತನಕ ಕುಡಿಯುವುದಿಲ್ಲ ಎಂದೆ. ಅತಿಥಿ ಹಾಗೇ ಎದ್ದುಹೋದರೆ ಆ ಮನೆಗೆ ಎಂಥ ಅವಮಾನ ಅಂತ ನಿನಗೆ ಗೊತ್ತು. ಅವಳಪ್ಪನ ಮುಖ ಕೆಂಪಾಯಿತು.

“ಏನು ಕೇಳೋಕೆ ಬಂದಿದೀರಾ ತಾಯಿ?”

“ಲುಜೈನ್ ಶಾಲೆಗೆ ಹೋಗ್ಲಿ. ನನ್ ಮಗಳಿಗೆ ಏನ್ ಶಿಕ್ಷೆ ಬೇಕಾದ್ರೂ ಕೊಡಿ.”

“ಎಲ್ಲಿದಾಳೆ ನಿಮ್ಮ ಮಗಳು? ಸಮುದ್ರ ನೋಡ್ತಾ ಕೂತಿದಾಳಾ?”



ಆಗ ಲುಜೈನ್ ಬಂದಳು. ಸೊರಗಿಹೋಗಿದ್ದಾಳೆ. “ಭಾನುವಾರ ವಾರದ ರಜೆ ಮುಗಿದು ಶಾಲೆ ತೆರೆಯುತ್ತಲ್ಲ, ಆಗ ರುದೈನಾ ಬರ್ಲಿ. ಎಲ್ರ ಎದುರಿಗೆ ನನ್ ಕೈ ಹಿಡ್ಕೊಂಡು ಶಾಲೆ ಗೇಟು ದಾಟ್ಲಿ. ಹಾಗಾದ್ರೆ ಹೋಗ್ತೀನಿ ಅಪ್ಪಾ” ಅಂದಳು. ಅವಳಪ್ಪ ಬಟ್ಟಲನ್ನು ನನ್ನ ಕಡೆ ಸರಿಸಿದರು. ಆಮೇಲೆ ತಲೆಯಾಡಿಸಿ “ಕುಡೀರಿ” ಅಂದರು.

ಕುಡಿದೆ. ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟು ಬಂದಿದ್ದೇನೆ. ಆ ಹುಡುಗಿಯರು ಗೇಟಿನಲ್ಲೇ ಮೊಬೈಲು ಹಿಡಿದು ನಿಂತಿರುತ್ತಾರೆ, ಹೀಯಾಳಿಸುತ್ತಾರೆ. ನಿನಗೆ ಭಯವಾಗುತ್ತದೆ, ನನಗೂ ಆಗುತ್ತಿದೆ. ಆದರೂ ಶನಿವಾರದ ಬಸ್ಸಿಗೆ ಬಾ. ನೀನು ಬರದಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು.

ಇಂತಿ,
ನಿನ್ನ ಮೇಲೆ ಸಿಟ್ಟಾಗಿದ್ದರೂ ನಿನ್ನ ಹಾಸಿಗೆಯಲ್ಲೇ ಮಲಗುತ್ತಿರುವ
ಅಮ್ಮ

ಮತ್ತೊಂದು ಮಾತು: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ನೀನು ಹೆದರಿ ಬರುವುದೇ ಇಲ್ಲವೇನೋ ಅಂತ. ಲುಜೈನ್ ಮೆಟ್ಟಿಲವರೆಗೂ ನನ್ನ ಹಿಂದೆ ಬಂದಳು. “ದೊಡ್ಡಮ್ಮಾ, ರುದೈನಾದೂ ಅಂಥದೇ ಒಂದು ಫೋಟೋ ಆ ಕ್ಲಾಸಿನ ಹುಡುಗೀರ ಹತ್ರ ಇದೆ, ಯಾವಾಗ್ಲೋ ನಂಬಿ ಕಳಿಸಿದ್ಲಂತೆ. ಭಾನುವಾರ ಅದನ್ನ ಗುಂಪಿಗೆ ಹಾಕ್ತಾರೆ. ನಮ್ಮಪ್ಪಂಗೆ ಹೇಳ್ಬೇಡಿ. ಅಂಥ ದಿನ ಒಬ್ಳೇ ಇದ್ರೆ ಹೇಗಿರತ್ತೆ ಅಂತ ನಂಗೊತ್ತು. ಅವಳು ಬರೋ ಮೊದ್ಲೇ ನಾನು ಗೇಟಿನ ಹತ್ರ ಇರ್ತೀನಿ ಅಂತ ಹೇಳಿ” ಅಂದಳು.