ಮುತ್ತಮ್ಮ ಒತ್ತಿದ ಹೆಬ್ಬೆಟ್ಟು

ಹಳೇಬೀಡು
14 ಜುಲೈ 2024, ಭಾನುವಾರ

ಪ್ರೀತಿಯ ಅಕ್ಕ,

ಜೈ ಜಿನೇಂದ್ರ. ನೀನು ಯುಗಾದಿಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಗೂ ಮಾತಾಡುತ್ತೇವಲ್ಲ ಎಂದು ಮುಂದೂಡುತ್ತಾ ಬಂದೆ. ಆದರೆ ಫೋನಿನಲ್ಲಿ ನಾವು ಆಡುವುದು ಊಟ, ಮಳೆ, ನಿನ್ನ ಮಂಡಿನೋವು, ಅಷ್ಟೇ. ಮಂಡಿ ಈಗ ಹೇಗಿದೆ? ಭಾವನವರ ಸಕ್ಕರೆ ಹತೋಟಿಗೆ ಬಂತೇ?

ನಾನು ಚೆನ್ನಾಗಿದ್ದೇನೆ, ದಣಿದಿದ್ದೇನೆ. ವಾರವಿಡೀ ಬೇಲೂರಿನ ಕಾಲೇಜಿನಲ್ಲಿ ಪಾಠ, ಶನಿವಾರ ಆನ್‌ಲೈನ್ ತರಗತಿ, ಭಾನುವಾರ ಓದು. ಒಂದು ವಿಷಯ ಕೇಳಿದರೆ ನಿನಗೆ ಆಶ್ಚರ್ಯವಾಗುತ್ತದೆ. ಅಮ್ಮ ಹೋದ ಮೇಲೆ ನಾನೂ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುತ್ತಿದ್ದೇನೆ. ಕಾಲೇಜಿನಿಂದ ಬರುವ ಬಸ್ಸು ತಡವಾದ ದಿನ ಊಟವೇ ಇಲ್ಲ.

ನಲವತ್ತಾರು ವರ್ಷಕ್ಕೆ ನೀತಿಶಾಸ್ತ್ರ, ಸಾರ್ವಜನಿಕ ನೀತಿ ಅಂತ ಎಂ.ಎ. ಓದಿ ಏನು ಮಾಡುತ್ತೀಯ ಎಂದು ಕೇಳಿದ್ದೆಯಲ್ಲ. ಬಸದಿಯಲ್ಲಿ ಸಿಕ್ಕ ಪ್ರಭಾಚಂದ್ರ ಮಾವನೂ ಅದನ್ನೇ ಕೇಳಿದರು. "ನೀತಿ ಕಲಿಯೋಕೂ ಪರೀಕ್ಷೆ ಇಟ್ಟಿದಾರೇನಮ್ಮ? ಫೇಲಾದೋರನ್ನ ಏನ್ಮಾಡ್ತಾರೆ?" ಎಂದರು. ಅವತ್ತು ನಕ್ಕುಬಿಟ್ಟೆ.

ಬಿಕ್ಕೋಡಿನ ಸುತ್ತ ಆನೆಗಳು ಓಡಾಡುವ ತೋಟದ ಊರುಗಳಲ್ಲಿ ಯಾರ ಜೀವಕ್ಕೆ ಎಷ್ಟು ಕಾವಲು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ. ಅದಕ್ಕಾಗಿ ಅಲ್ಲಿನವರನ್ನು ಮಾತಾಡಿಸಬೇಕು. ಮಾತಾಡಿಸುವ ಮೊದಲು ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಪಡೆದು, ಒಂದು ಪ್ರತಿ ಅವರಿಗೇ ಕೊಡಬೇಕು. ಇಂಗ್ಲಿಷಿನಲ್ಲಿದ್ದ ಪತ್ರವನ್ನು ನಾನೇ ಕನ್ನಡಕ್ಕೆ ಮಾಡಿದ್ದೆ. "ಈ ಅಧ್ಯಯನದಲ್ಲಿ ಪಾಲ್ಗೊಳ್ಳುವುದರಿಂದ ತಮಗೆ ಯಾವುದೇ ನೇರ ಪ್ರಯೋಜನ ಇರುವುದಿಲ್ಲ." ಅದು ಎಂಥ ಕನ್ನಡ ಎಂದು ಈಗ ನನಗೆ ಗೊತ್ತಾಗಿದೆ.

ಮುತ್ತಮ್ಮ ಕಾಫಿ ತೋಟದ ಕೂಲಿ ಹೆಂಗಸು. ಗಂಡ ತಮ್ಮಯ್ಯ ಎರಡು ವರ್ಷದ ಹಿಂದೆ ನಸುಕಿನಲ್ಲಿ ಕೆಲಸಕ್ಕೆ ಹೋಗುವಾಗ ಆನೆ ಕಾಲಿಗೆ ಸಿಕ್ಕಿ ಸತ್ತ. ನಾನು ಪತ್ರ ಓದಿದಷ್ಟು ಹೊತ್ತೂ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಎರಡು ಗಂಟೆ ಮಾತಾಡಿದಳು. ಕೊನೆಗೆ, ಆ ದಾರಿಯಲ್ಲಿ ಏನಿದ್ದಿದ್ದರೆ ಅನುಕೂಲವಾಗುತ್ತಿತ್ತು ಎಂದು ಕೇಳಿದೆ. ಒಂದು ಲೈಟ್ ಕಂಬ ಎಂದಳು. ಬರೆದುಕೊಂಡೆ. ಅವಳ ಮಾತಿನಿಂದ ಬರೆದ ಈ ಒಂದು ಅಧ್ಯಾಯದ ಮೇಲೇ ಪ್ರಬಂಧ ನಿಲ್ಲುತ್ತದೆ ಎಂದರು ನನ್ನ ಮಾರ್ಗದರ್ಶಕರು.

ಹೋದ ತಿಂಗಳು ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಕುಮಾರ ಸಿಕ್ಕಿದ. ಬಿಕ್ಕೋಡಿನ ಪಂಚಾಯಿತಿಯಲ್ಲಿ ನೀರು ಬಿಡುವ ನೀರುಗಂಟಿ, ಆ ಪತ್ರಕ್ಕೆ ಸಾಕ್ಷಿ ಹಾಕಿದವನು. "ಮೇಡಂ, ನಿಮ್ಮ ಮುತ್ತಮ್ಮ ವಾರವಾರ ಆಪೀಸಿಗೆ ಬತ್ತಾಳೆ. ಕಂಬ ಎಲ್ಲಿ ಅಂತಾಳೆ" ಎಂದ. ಅವಳು ನಾನು ಕೊಟ್ಟ ಪ್ರತಿಗೆ ಬೇಲೂರಿನಲ್ಲಿ ಲ್ಯಾಮಿನೇಷನ್ ಮಾಡಿಸಿದ್ದಳಂತೆ. ಅದನ್ನು ಮೇಜಿನ ಮೇಲಿಟ್ಟು ಕಾಯುತ್ತಾ ಕೂರುತ್ತಾಳಂತೆ. ಇದು ಕಾಲೇಜಿನ ಕಾಗದ ಎಂದು ಯಾರು ಹೇಳಿದರೂ ನಂಬುವುದಿಲ್ಲವಂತೆ. ಅವಳ ತಪ್ಪೇನು ಹೇಳು. ಪೇಟೆಯಿಂದ ಬಂದವರು ಕಾಗದ ಓದಿ, ಹೆಬ್ಬೆಟ್ಟು ಒತ್ತಿಸಿಕೊಂಡು, ನಕಲು ಕೈಗೆ ಕೊಟ್ಟರೆ ಅದು ಅರ್ಜಿಯೇ. ಬೇರೆ ಯಾವ ಕಾಗದವೂ ಅವಳ ಬಾಗಿಲಿಗೆ ಬಂದದ್ದಿಲ್ಲ.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಓದಿ ಹೇಳಿದ್ದೀರಿ, ಸಾಕ್ಷಿ ಇದೆ, ವಿಶ್ವವಿದ್ಯಾಲಯದ ಸಮಿತಿ ಒಪ್ಪಿದೆ, ನಿಮ್ಮ ಕಡೆ ಏನೂ ತಪ್ಪಿಲ್ಲ ಎಂದರು. ನಿಜ, ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು. ಆ ಅಧ್ಯಾಯ ಇಟ್ಟುಕೊಂಡರೆ ಈ ವರ್ಷವೇ ಓದು ಮುಗಿಯುತ್ತದೆ. ಎರಡು ವಾರ ಅದನ್ನು ತೆರೆಯುವುದು, ಮುಚ್ಚುವುದು, ಇಷ್ಟೇ ಮಾಡಿದೆ.

ಹೋದ ಭಾನುವಾರ ಬಿಕ್ಕೋಡಿಗೆ ಹೋದೆ. ಇದು ಅರ್ಜಿಯಲ್ಲ, ನನ್ನ ಪರೀಕ್ಷೆಗೆ ಬೇಕಾದ ಕಾಗದ, ಇದರಿಂದ ಕಂಬ ಬರುವುದಿಲ್ಲ ಎಂದು ಮುತ್ತಮ್ಮನಿಗೆ ಹೇಳಿದೆ. ಹೇಳಲು ಅರ್ಧ ನಿಮಿಷ ಸಾಕಾಯಿತು. ಅವಳು ಗೂಡಿನಿಂದ ಆ ಹಾಳೆ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಕೈಗಿಟ್ಟಳು. "ಹಂಗಾರೆ ನಿಮ್ತಾವೇ ಇರ್ಲಿ ತಕಳಿ."

ಅವತ್ತು ತಿಳಿಯಲಿಲ್ಲ ಅಂತ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಓದ್ದೋರು ನೀವು ಅಷ್ಟೊತ್ತು ಕುಂತು ಓದ್ತಾ ಇದ್ರಿ. ತಲೆ ಆಡಿಸ್ದೆ ಇದ್ರೆ ನಿಮ್ಗೆ ಬ್ಯಾಸರ ಆಗಾಕಿಲ್ವಾ ಮೇಡಮ್ನೋರೆ?"

ಅವಳ ಮಾತನ್ನೆಲ್ಲ ಪುಸ್ತಕದಿಂದ ತೆಗೆಯುತ್ತೇನೆ ಎಂದೆ. ಅದರಲ್ಲಿ ಗಂಡನ ಹೆಸರು ಇದೆಯೇ ಎಂದು ಕೇಳಿದಳು. ಇಲ್ಲ, ಯಾರ ನಿಜವಾದ ಹೆಸರೂ ಬರೆಯಬಾರದೆಂಬ ನಿಯಮವಿದೆ ಎಂದೆ. "ಹೆಸ್ರೇ ಇಲ್ದಿದ್ ಮ್ಯಾಲೆ ತೆಗುದ್ರೇನು, ಬಿಟ್ರೇನು" ಎಂದಳು.

ಆಮೇಲೆ ಇಬ್ಬರೂ ಕೂತು ನಿಜವಾದ ಅರ್ಜಿ ಬರೆದೆವು. ಅವಳು ಹೇಳಿದ ಹಾಗೆಯೇ ಬರೆದೆ. ಮೊದಲ ಸಾಲಿನಲ್ಲೇ ತಮ್ಮಯ್ಯನ ಹೆಸರು. ಸೋಮವಾರ ಬೇಲೂರಿನಲ್ಲಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಕಂಬ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಅಧ್ಯಾಯ ತೆಗೆದೆ. ಉಳಿದದ್ದು ನಿಲ್ಲುವ ಹಾಗಿಲ್ಲ, ಹಾಗಾಗಿ ಓದು ಇನ್ನೊಂದು ವರ್ಷಕ್ಕೆ ಹೋಯಿತು. ಒಳ್ಳೆಯದು ಮಾಡಿದೆ ಎಂಬ ನೆಮ್ಮದಿಯೇನೂ ಇಲ್ಲ ಅಕ್ಕ. ಸುಸ್ತಷ್ಟೇ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಜಿನಪ್ರಸಾದನಿಗೆ ಚಿಕ್ಕಮ್ಮನ ಆಶೀರ್ವಾದ ತಿಳಿಸು. ಭಾವನವರಿಗೂ ನಿನಗೂ ನಮಸ್ಕಾರ.

ನಿನ್ನ ತಂಗಿ,
ದರ್ಶಿನಿ

ತಾ.ಕ.: ಹೋದ ವರ್ಷ ಹಾಸನದ ಆಸ್ಪತ್ರೆಗೆ ಬಂದಾಗ ನೀನು ಮೊದಲು ಕೇಳಿದ್ದು, ಅಮ್ಮನ ನೇಮ ಕೆಡಲಿಲ್ಲ ತಾನೇ ಎಂದು. ಐವತ್ತು ವರ್ಷ ಹೊತ್ತು ಮುಳುಗಿದ ಮೇಲೆ ತೊಟ್ಟು ನೀರು ಮುಟ್ಟದವಳು. ಇಲ್ಲ ಎಂದೆ. ಅದು ಸುಳ್ಳು. ಅದರ ಹಿಂದಿನ ದಿನ ಮೂಗಿನ ನಳಿಕೆಯಲ್ಲಿ ಗಂಜಿ ಕೊಡಲು ನರ್ಸ್ ಸಹಿ ಕೇಳಿದಳು, ಹಾಕಿದೆ. ಆಗ ರಾತ್ರಿ ಏಳೂವರೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಅಮ್ಮ ಕಣ್ಣು ಬಿಟ್ಟು, "ಹೊತ್ತು ಮುಳುಗಿತೇನೇ?" ಎಂದಳು. "ಇಲ್ಲಮ್ಮ, ಇನ್ನೂ ಬಿಸಿಲಿದೆ" ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿದಳು.